ಕೊಳವೆಬಾವಿ ನೀರಾವರಿಗೆ ಉಪಗ್ರಹದ ನಕ್ಷೆ

ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ನೀರಾವರಿ ಬಹುಪಾಲು ಕೊಳವೆಬಾವಿಗಳದ್ದು. ಕಾಲುವೆಯಿದ್ದರೆ ಅಚ್ಚುಕಟ್ಟು ಎಲ್ಲಿಂದ ಎಲ್ಲಿಯವರೆಗೆ ಎಂದು ಹೇಳಬಹುದು. ಕೊಳವೆಬಾವಿಯ ಹೊಲಗಳು ಚದುರಿಕೊಂಡಿರುತ್ತವೆ. ಅವನ್ನು ಗುರುತಿಸಲು ಉಪಗ್ರಹ ಚಿತ್ರ, ಮಳೆಯ ಲೆಕ್ಕ ಎರಡೂ ಬೇಕು.

ಹಸಿರೆಲೆ ಕೆಂಪು ಬೆಳಕನ್ನು ಹೀರಿಕೊಂಡು, ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನು ಹೆಚ್ಚಾಗಿ ಪ್ರತಿಫಲಿಸುತ್ತದೆ. ಈ ಎರಡರ ಅಂತರದಿಂದ ಸಸ್ಯ ಸೂಚ್ಯಂಕ ಸಿಗುತ್ತದೆ. ಯುರೋಪಿನ ಸೆಂಟಿನೆಲ್-2 ಉಪಗ್ರಹಗಳು 10 ಮೀಟರ್ ವಿವರದಲ್ಲಿ, ಸುಮಾರು 5 ದಿನಕ್ಕೊಮ್ಮೆ ಒಂದೇ ಜಾಗವನ್ನು ಸೆರೆಹಿಡಿಯುತ್ತವೆ. ಮಳೆಯಾಶ್ರಿತ ರಾಗಿಯ ಸೂಚ್ಯಂಕ ಮುಂಗಾರಿನಲ್ಲಿ ಏರಿ, ಕೊಯ್ಲಿನ ಹೊತ್ತಿಗೆ ಇಳಿದುಬಿಡುತ್ತದೆ. ಮಳೆಯಿಲ್ಲದ ಮಾರ್ಚ್‌ನಲ್ಲೂ ಹೊಲವೊಂದು ಹಸಿರಾಗಿದ್ದರೆ ಅದಕ್ಕೆ ನೀರು ಹಾಯಿಸಿರುವ ಸಾಧ್ಯತೆಯೇ ಹೆಚ್ಚು: ದ್ರಾಕ್ಷಿ, ಹಿಪ್ಪುನೇರಳೆ, ತರಕಾರಿ ಇರಬಹುದು.

ದೊಡ್ಡ ತೊಡಕು ಇಲ್ಲೇ. ಆಳಕ್ಕೆ ಬೇರಿಳಿಸುವ ನೀಲಗಿರಿ ತೋಪು ಬೇಸಿಗೆಯಲ್ಲೂ ಹಸಿರೇ. ಆದರೆ ಅದರ ಹಸಿರು ತಿಂಗಳುಗಟ್ಟಲೆ ಹೆಚ್ಚು ಬದಲಾಗದು. ಹಿಪ್ಪುನೇರಳೆಯದು ಪ್ರತಿ ಸೊಪ್ಪಿನ ಕೊಯ್ಲಿಗೂ ಇಳಿದು ಮತ್ತೆ ಏರುತ್ತದೆ. ಪಾಲಿಹೌಸ್‌ನೊಳಗಿನ ಬೆಳೆಯಂತೂ ಈ ಸೂಚ್ಯಂಕಕ್ಕೆ ಸರಿಯಾಗಿ ಸಿಗುವುದೇ ಇಲ್ಲ.

ಅಕಾಲಿಕ ಮಳೆಯ ಹಸಿರನ್ನು ನೀರಾವರಿ ಎಂದು ತಪ್ಪು ತಿಳಿಯದಿರಲು ಹವಾಮಾನ ದತ್ತಾಂಶ ನೆರವಾಗುತ್ತದೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿವೆ. ಬೆಳೆಗೆ ಬೇಕಾದ ನೀರನ್ನೂ ಬಿದ್ದ ಮಳೆಯನ್ನೂ ಹೋಲಿಸಿದರೆ, ಅಂತರ್ಜಲ ಎಷ್ಟು ಕೊರತೆ ತುಂಬಿದೆ ಎಂಬ ಅಂದಾಜು ಸಿಗುತ್ತದೆ. ಇಷ್ಟಾದರೂ, ಹೊಲಕ್ಕೇ ಹೋಗಿ ತಾಳೆ ನೋಡದ ನಕ್ಷೆಯನ್ನು ನಂಬಲಾಗದು.