ನದಿ ಮತ್ತು ಕರಾವಳಿ ನೀರಿನ ಮಾಲಿನ್ಯ ಮಾಪನ: ವರದಿಯನ್ನು ಕೃಷಿಕರು ಓದುವ ಬಗೆ

ಕರ್ನಾಟಕದ ನದಿಗಳ ನೀರನ್ನು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯು ನಿಗದಿತ ಸ್ಥಳಗಳಲ್ಲಿ ಸಂಗ್ರಹಿಸಿ ಪರೀಕ್ಷಿಸುತ್ತದೆ. ಪ್ರತಿ ಸ್ಥಳಕ್ಕೂ ‘ಎ’ಯಿಂದ ‘ಇ’ವರೆಗಿನ ಒಂದು ದರ್ಜೆಯನ್ನು ನೀಡಿ ಪ್ರಕಟಿಸುತ್ತದೆ. ಇವುಗಳಲ್ಲಿ ‘ಇ’ ದರ್ಜೆಯ ಅರ್ಥ ‘ನೀರಾವರಿಗೆ ಬಳಸಬಹುದಾದ ನೀರು’ ಎಂದಿದೆ. ಹೊಳೆಯಿಂದ ಪಂಪ್‌ಸೆಟ್ ಮೂಲಕ ನೀರೆತ್ತುವ ರೈತರು ಅಷ್ಟನ್ನೇ ಓದಿ ನಿಶ್ಚಿಂತರಾಗುವುದುಂಟು. ಆದರೆ ಆ ದರ್ಜೆಯು ಏನನ್ನು ಅಳೆದಿದೆ, ಏನನ್ನು ಅಳೆದಿಲ್ಲ ಎಂಬುದನ್ನು ಅರಿಯದೆ ಸೊಪ್ಪು, ತರಕಾರಿಗಳಿಗೆ ಆ ನೀರನ್ನು ಹಾಯಿಸಿದರೆ ಬೆಳೆಗಷ್ಟೇ ಅಲ್ಲ, ಹೊಲದಲ್ಲಿ ದುಡಿಯುವವರಿಗೂ ಅದನ್ನು ತಿನ್ನುವವರಿಗೂ ಅಪಾಯವಿದೆ. ಆದ್ದರಿಂದ ನೀವು ದರ್ಜೆಯ ಅಕ್ಷರವನ್ನು ಮಾತ್ರವಲ್ಲದೆ ಅದರ ಹಿಂದಿರುವ ಅಂಕಿಗಳನ್ನೂ ಓದಲು ಕಲಿಯುವುದು ಅಗತ್ಯ.

ದರ್ಜೆಗಳ ಒಳಗಿರುವುದೇನು?

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು ನೀರನ್ನು ಅದರ ಉಪಯೋಗದ ಆಧಾರದ ಮೇಲೆ ವಿಂಗಡಿಸಿದೆ. ‘ಎ’ ಎಂದರೆ ಕೇವಲ ರೋಗಾಣುನಾಶನದ ನಂತರ ಕುಡಿಯಬಹುದಾದ ನೀರಿನ ಮೂಲ; ‘ಬಿ’ ಸ್ನಾನಕ್ಕೆ; ‘ಸಿ’ ಪೂರ್ಣ ಶುದ್ಧೀಕರಣದ ನಂತರ ಕುಡಿಯಲು; ‘ಡಿ’ ಮೀನು ಮತ್ತು ವನ್ಯಜೀವಿಗಳಿಗೆ; ‘ಇ’ ನೀರಾವರಿ ಹಾಗೂ ಕೈಗಾರಿಕಾ ಯಂತ್ರಗಳನ್ನು ತಂಪಾಗಿಸಲು. ಮೊದಲ ಮೂರು ದರ್ಜೆಗಳನ್ನು ಕರಗಿದ ಆಮ್ಲಜನಕ, ಜೈವಿಕ ಆಮ್ಲಜನಕ ಬೇಡಿಕೆ ಮತ್ತು ಕೋಲಿಫಾರ್ಮ್ ಸೂಕ್ಷ್ಮಾಣುಗಳ ಸಂಖ್ಯೆಯಿಂದ ನಿರ್ಧರಿಸಲಾಗುತ್ತದೆ. ಉದಾಹರಣೆಗೆ ಸ್ನಾನದ ನೀರಿನಲ್ಲಿ ಪ್ರತಿ ಲೀಟರಿಗೆ ಕನಿಷ್ಠ 5 ಮಿಲಿಗ್ರಾಂ ಆಮ್ಲಜನಕವಿರಬೇಕು, ಜೈವಿಕ ಆಮ್ಲಜನಕ ಬೇಡಿಕೆಯು 3 ಮಿಲಿಗ್ರಾಂ ಮೀರಬಾರದು, 100 ಮಿಲಿಲೀಟರಿನಲ್ಲಿ ಒಟ್ಟು ಕೋಲಿಫಾರ್ಮ್‌ಗಳು 500ನ್ನು ದಾಟಬಾರದು.

ಜೈವಿಕ ಆಮ್ಲಜನಕ ಬೇಡಿಕೆ ಎಂಬ ಪದ ಕಠಿಣವೆನಿಸಿದರೂ ಅದರ ಅರ್ಥ ಸರಳ. ನೀರಿಗೆ ಸೇರಿದ ಮಲ, ಕೊಳೆತ ಎಲೆ, ಅಡುಗೆಮನೆಯ ಬಸಿ ಇತ್ಯಾದಿಗಳನ್ನು ಸೂಕ್ಷ್ಮಾಣುಗಳು ಜೀರ್ಣಿಸಿಕೊಳ್ಳುವಾಗ ನೀರಿನಲ್ಲಿರುವ ಆಮ್ಲಜನಕವನ್ನು ಬಳಸಿಕೊಳ್ಳುತ್ತವೆ. ಎಷ್ಟು ಬಳಸಿಕೊಂಡವು ಎಂಬುದೇ ಈ ಅಳತೆ. ನಮ್ಮ ದೇಶದಲ್ಲಿ ಮಾದರಿಯನ್ನು 27 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೂರು ದಿನ ಇಟ್ಟು ಇದನ್ನು ಅಳೆಯುವುದು ರೂಢಿ. ಸ್ವಚ್ಛವಾದ ನೀರು 25 ಡಿಗ್ರಿ ಉಷ್ಣತೆಯಲ್ಲಿ ಲೀಟರಿಗೆ ಸುಮಾರು 8 ಮಿಲಿಗ್ರಾಂ ಆಮ್ಲಜನಕವನ್ನಷ್ಟೇ ಹಿಡಿದಿಡಬಲ್ಲದು. ಆದ್ದರಿಂದ ಬೇಡಿಕೆ 30 ಇರುವ ನೀರಿನಲ್ಲಿ ಮೀನು ಬದುಕುವುದು ದುಸ್ತರ. ನದಿಯ ಒಂದು ಭಾಗದಲ್ಲಿ ಈ ಬೇಡಿಕೆ 3 ಮಿಲಿಗ್ರಾಂ ದಾಟಿದರೆ ಅದನ್ನು ಕಲುಷಿತ ಪಾತ್ರವೆಂದು ಪರಿಗಣಿಸಲಾಗುತ್ತದೆ. 2018ರಲ್ಲಿ ದೇಶದ 351 ನದಿ ಪಾತ್ರಗಳನ್ನು ಹೀಗೆ ಗುರುತಿಸಲಾಯಿತು. ಅವುಗಳಲ್ಲಿ 17 ಕರ್ನಾಟಕದವು.

ಈಗ ‘ಇ’ ದರ್ಜೆಯ ಮಾನದಂಡಗಳನ್ನು ಗಮನಿಸಿ. ರಸಸಾರ 6.0ರಿಂದ 8.5, ವಿದ್ಯುತ್ ವಾಹಕತೆ ಸೆಂಟಿಮೀಟರಿಗೆ 2250 ಮೈಕ್ರೊಮೋ ಮೀರಬಾರದು, ಸೋಡಿಯಂ ಹೀರಿಕೆಯ ಅನುಪಾತ 26 ಮೀರಬಾರದು, ಬೋರಾನ್ ಲೀಟರಿಗೆ 2 ಮಿಲಿಗ್ರಾಂ ಮೀರಬಾರದು. ಅಷ್ಟೇ. ಇಲ್ಲಿ ಆಮ್ಲಜನಕದ ಮಾತಿಲ್ಲ, ಕೋಲಿಫಾರ್ಮ್‌ಗೆ ಮಿತಿಯಿಲ್ಲ, ಸೀಸ, ಕ್ಯಾಡ್ಮಿಯಂಗಳಂತಹ ಭಾರಲೋಹಗಳ ಉಲ್ಲೇಖವೂ ಇಲ್ಲ. ಐದು ದರ್ಜೆಗಳು ಒಂದೇ ಏಣಿಯ ಮೆಟ್ಟಿಲುಗಳಂತೆ ಕಂಡರೂ ಕೊನೆಯದನ್ನು ಅಳೆಯುವ ಕೋಲೇ ಬೇರೆ. ನಗರದ ಚರಂಡಿ ನೀರಿನಲ್ಲಿ ಲವಣಾಂಶ ಸಾಮಾನ್ಯವಾಗಿ 2250ರ ಒಳಗೇ ಇರುತ್ತದೆ. ಹೀಗಾಗಿ ಸ್ನಾನಕ್ಕೂ ಮೀನಿಗೂ ಒಲ್ಲದ ನೀರು ಮೇಲಿನ ದರ್ಜೆಗಳಿಂದ ಒಂದೊಂದಾಗಿ ಜಾರಿ ‘ಇ’ಯಲ್ಲಿ ನಿಲ್ಲುತ್ತದೆ. ಅದು ನೀರಾವರಿಗೆ ಸಿಕ್ಕ ಪ್ರಶಸ್ತಿಪತ್ರವಲ್ಲ, ಲವಣದ ದೃಷ್ಟಿಯಿಂದ ಮಾತ್ರ ಅಡ್ಡಿಯಿಲ್ಲ ಎಂಬ ಸೂಚನೆ.

ವೃಷಭಾವತಿಯ ಕೆಳಹರಿವು

ಬೆಂಗಳೂರು ನಗರದೊಳಗೇ ಹುಟ್ಟುವ ವೃಷಭಾವತಿಯು ಕೆಂಗೇರಿ, ಬಿಡದಿಗಳ ಬಳಿ ಹರಿದು ಬೈರಮಂಗಲ ಜಲಾಶಯವನ್ನು ಸೇರುತ್ತದೆ. ಮುಂದೆ ಅರ್ಕಾವತಿಯ ಮೂಲಕ ಕಾವೇರಿಗೆ. ಬೇಸಿಗೆಯಲ್ಲಿ ಇದರಲ್ಲಿ ಹರಿಯುವುದು ಬಹುಪಾಲು ನಗರದ ಬಳಕೆ ನೀರೇ. ಮಳೆ ಕೈಕೊಟ್ಟರೂ ವರ್ಷವಿಡೀ ಬತ್ತದ ಹೊಳೆ ಎಂಬ ಕಾರಣಕ್ಕೆ ಕೆಳಭಾಗದ ರೈತರು ಇದನ್ನೇ ನೆಚ್ಚಿದ್ದಾರೆ. ಅವರನ್ನು ದೂಷಿಸುವುದು ಸುಲಭ, ಆದರೆ ನ್ಯಾಯವಲ್ಲ. ನೀರನ್ನು ಕೆಡಿಸಿದವರು ಅವರಲ್ಲ, ಅವರಿಗೆ ಬೇರೆ ನೀರೂ ಇಲ್ಲ.

ಇಂತಹ ನೀರಿನಲ್ಲಿ ಸಾರಜನಕ ಹೇರಳವಾಗಿರುತ್ತದೆ. ಲೀಟರಿಗೆ 30 ಮಿಲಿಗ್ರಾಂ ಇದೆಯೆಂದು ಭಾವಿಸಿ. ಒಂದು ಎಕರೆಗೆ 5 ಸೆಂಟಿಮೀಟರ್ ಆಳದಷ್ಟು ನೀರು ಹಾಯಿಸಿದರೆ ಸುಮಾರು 2 ಲಕ್ಷ ಲೀಟರ್ ಆಗುತ್ತದೆ; ಅದರೊಡನೆ 6 ಕಿಲೋ ಸಾರಜನಕ, ಅಂದರೆ ಸುಮಾರು 13 ಕಿಲೋ ಯೂರಿಯಾದಷ್ಟು ಪೋಷಕಾಂಶ ಹೊಲ ಸೇರುತ್ತದೆ. ಹತ್ತು ಬಾರಿ ಹಾಯಿಸಿದರೆ 60 ಕಿಲೋ. ಇದರ ಮೇಲೆ ಶಿಫಾರಸಿನ ಗೊಬ್ಬರವನ್ನೂ ಪೂರ್ತಿಯಾಗಿ ಕೊಟ್ಟರೆ ಭತ್ತ ಸೊಕ್ಕಿ ಬೆಳೆದು ನೆಲಕ್ಕೊರಗುತ್ತದೆ, ರೋಗ ಕೀಟಗಳು ಹೆಚ್ಚುತ್ತವೆ, ಉಳಿದ ನೈಟ್ರೇಟ್ ಅಂತರ್ಜಲಕ್ಕೆ ಇಳಿದು ನಿಮ್ಮದೇ ಕೊಳವೆಬಾವಿಯನ್ನು ತಲುಪುತ್ತದೆ. ನೀರಿನ ಪರೀಕ್ಷಾ ವರದಿಯಲ್ಲಿ ಸಾರಜನಕದ ಅಂಕಿಯಿದ್ದರೆ ಯೂರಿಯಾವನ್ನು ಅಷ್ಟರಮಟ್ಟಿಗೆ ಕಡಿತಗೊಳಿಸಿ.

ಸೂಕ್ಷ್ಮಾಣುಗಳ ವಿಷಯ ಇನ್ನೂ ಗಂಭೀರ. ಹಸಿಯಾಗಿ ತಿನ್ನುವ ಬೆಳೆಗಳಿಗೆ ಬಳಸುವ ನೀರಿನಲ್ಲಿ ಮಲಜನ್ಯ ಕೋಲಿಫಾರ್ಮ್‌ಗಳು 100 ಮಿಲಿಲೀಟರಿಗೆ 1000 ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯು 1989ರಲ್ಲಿ ಸೂಚಿಸಿತು. ಮಂಡಳಿಯ ಪಟ್ಟಿಯಲ್ಲಿ ಕೋಲಿಫಾರ್ಮ್ ಅಂಕಿಯೂ ಮುದ್ರಿತವಾಗಿರುತ್ತದೆ. ಆ ಕಲಂ ಅನ್ನು ಹುಡುಕಿ ನೋಡಿ. ಅಂಕಿ ಇದನ್ನು ಬಹುವಾಗಿ ಮೀರಿದ್ದರೆ ಕೊತ್ತಂಬರಿ, ಪುದೀನ, ಮೂಲಂಗಿ, ಸೌತೆ, ಕ್ಯಾರೆಟ್‌ಗಳನ್ನು ಆ ನೀರಿನಲ್ಲಿ ಬೆಳೆಯದಿರುವುದೇ ಲೇಸು. ಬೇಯಿಸಿ ತಿನ್ನುವ ಬೆಳೆ, ಹೂವು, ಹಿಪ್ಪುನೇರಳೆ, ಮರಗಳತ್ತ ಹೊರಳುವುದು ಕ್ಷೇಮಕರ. ಅನಿವಾರ್ಯವಾದಲ್ಲಿ ನೀರನ್ನು ಹೊಂಡದಲ್ಲಿ ಕೆಲವು ದಿನ ನಿಲ್ಲಿಸಿ ತಿಳಿಯಾದ ಮೇಲ್ಪದರವನ್ನು ಹನಿ ನೀರಾವರಿಯ ಮೂಲಕ ಬುಡಕ್ಕೆ ಮಾತ್ರ ಕೊಡಿ. ಮರಳು ಶೋಧಕ ಇಲ್ಲದಿದ್ದರೆ ಹನಿ ನಳಿಕೆಗಳು ಬೇಗ ಕಟ್ಟಿಕೊಳ್ಳುತ್ತವೆ. ಕಟಾವಿಗೆ ಕೆಲವು ದಿನ ಮುಂಚೆ ಈ ನೀರನ್ನು ನಿಲ್ಲಿಸಿದರೆ ಬಿಸಿಲಿಗೆ ಸೂಕ್ಷ್ಮಾಣುಗಳು ಗಣನೀಯವಾಗಿ ಸಾಯುತ್ತವೆ. ಕೊಯ್ದ ಸೊಪ್ಪನ್ನು ಅದೇ ಕಾಲುವೆಯಲ್ಲಿ ಜಾಲಿಸುವ ಪದ್ಧತಿಯನ್ನು ಸಂಪೂರ್ಣವಾಗಿ ಬಿಡಬೇಕು.

ಕಳೆ ಕೀಳುವ ಹೆಣ್ಣುಮಕ್ಕಳು ಬರಿಗಾಲಿನಲ್ಲಿ ಆ ಕೆಸರಿನಲ್ಲಿ ಗಂಟೆಗಟ್ಟಲೆ ನಿಲ್ಲುತ್ತಾರೆ. ಕೊಕ್ಕೆಹುಳುವಿನ ಮರಿಗಳು ಪಾದದ ಚರ್ಮದ ಮೂಲಕವೇ ದೇಹವನ್ನು ಪ್ರವೇಶಿಸುತ್ತವೆ ಮತ್ತು ರಕ್ತಹೀನತೆಯನ್ನು ಉಂಟುಮಾಡುತ್ತವೆ. ಗಂಬೂಟು, ಕೈಗವಸುಗಳಿಗೆ ತಗಲುವ ವೆಚ್ಚ ಅತ್ಯಲ್ಪ. ಅದನ್ನು ಬೇಸಾಯದ ಖರ್ಚಿನಲ್ಲೇ ಸೇರಿಸಿಕೊಳ್ಳಿ.

ಭಾರಲೋಹಗಳಿಗೆ ಬಿಸಿಲಿನ ಮದ್ದಿಲ್ಲ. ಅವು ಮಣ್ಣಿನಲ್ಲಿ ವರ್ಷದಿಂದ ವರ್ಷಕ್ಕೆ ಕೂಡುತ್ತವೆ; ಕಾಳು, ಹಣ್ಣುಗಳಿಗಿಂತ ಸೊಪ್ಪಿನಲ್ಲಿ ಹೆಚ್ಚಾಗಿ ಸೇರುತ್ತವೆ. ಮಣ್ಣು ಹುಳಿಯಾದಷ್ಟೂ ಬೇರುಗಳು ಕ್ಯಾಡ್ಮಿಯಂ ಅನ್ನು ಸುಲಭವಾಗಿ ಹೀರುತ್ತವೆ. ಕೈಗಾರಿಕಾ ಪ್ರದೇಶದ ಕೆಳಗಿನ ಹೊಲಗಳಲ್ಲಿ ಮಣ್ಣಿನ ರಸಸಾರವನ್ನು ಪರೀಕ್ಷಿಸಿ, ಅಗತ್ಯವಿದ್ದರೆ ಶಿಫಾರಸಿನಂತೆ ಸುಣ್ಣ ಹಾಕಿ.

‘ಮಿತಿಯೊಳಗಿದೆ’ ಎಂದಾಗಲೂ

ವಿದ್ಯುತ್ ವಾಹಕತೆ 2250 ಎಂದರೆ ಲೀಟರಿಗೆ ಸುಮಾರು 1440 ಮಿಲಿಗ್ರಾಂ ಲವಣ. ಮೇಲಿನ ಲೆಕ್ಕದಂತೆ ಎಕರೆಗೆ ಒಮ್ಮೆ 2 ಲಕ್ಷ ಲೀಟರ್ ಹಾಯಿಸಿದರೆ ಸುಮಾರು 290 ಕಿಲೋ ಉಪ್ಪನ್ನು ಹೊಲಕ್ಕೆ ಚೆಲ್ಲಿದಂತೆ. ನೀರು ಆವಿಯಾಗುತ್ತದೆ, ಉಪ್ಪು ಉಳಿಯುತ್ತದೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಕೋಷ್ಟಕದ ಪ್ರಕಾರ ಈ ಮಟ್ಟದ ನೀರನ್ನು ಸತತವಾಗಿ ಬಳಸಿದರೆ ಟೊಮೆಟೊ ಇಳುವರಿ ಶೇಕಡ 10ರಷ್ಟು ಕುಸಿಯಬಹುದು. ಹುರುಳಿಕಾಯಿಯದು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಸೋಡಿಯಂ ಅನುಪಾತದ 26 ಎಂಬ ಮಿತಿಯಂತೂ ಎರೆಭೂಮಿಗೆ ತೀರಾ ಸಡಿಲವಾದುದು. ಕಪ್ಪು ಮಣ್ಣಿನಲ್ಲಿ ಅದು 10ರ ಒಳಗಿರುವುದು ಒಳ್ಳೆಯದು. ಇಲ್ಲವಾದರೆ ಮಣ್ಣಿನ ಕಣರಚನೆ ಒಡೆದು ನೀರು ಇಂಗುವುದೇ ನಿಲ್ಲುತ್ತದೆ. ಉಳಿಕೆ ಸೋಡಿಯಂ ಕಾರ್ಬೊನೇಟ್ ಅನ್ನು ನದಿ ದರ್ಜೆಗೆ ಪರಿಗಣಿಸುವುದೇ ಇಲ್ಲ. ನಮ್ಮ ಪ್ರಯೋಗಾಲಯದ ವರದಿಯಲ್ಲಿ ಅದು ಲೀಟರಿಗೆ 2.5 ಮಿಲಿಈಕ್ವಿವಲೆಂಟ್ ಮೀರಿದ್ದರೆ ಜಿಪ್ಸಂ ಬಳಕೆಯ ಬಗ್ಗೆ ತಜ್ಞರನ್ನು ಕೇಳದೆ ಆ ನೀರನ್ನು ಬಳಸಬೇಡಿ.

ಮಾದರಿ ತೆಗೆದ ಸ್ಥಳ, ಕಾಲ

ಅಂಕಿಯಷ್ಟೇ ಮುಖ್ಯವಾದುದು ಅದು ಎಲ್ಲಿ, ಯಾವಾಗ ದೊರೆತದ್ದು ಎಂಬುದು. ಸಿಬ್ಬಂದಿ ಸಾಮಾನ್ಯವಾಗಿ ಸೇತುವೆಯ ಬಳಿ, ಹರಿವಿನ ನಡುವೆ, ಮೇಲ್ಮೈಗಿಂತ ಕೊಂಚ ಕೆಳಗಿನ ನೀರನ್ನು ಹಗಲಿನಲ್ಲಿ ತುಂಬಿಕೊಳ್ಳುತ್ತಾರೆ. ಕರಗಿದ ಆಮ್ಲಜನಕವನ್ನು ಸ್ಥಳದಲ್ಲೇ ರಾಸಾಯನಿಕ ಬೆರೆಸಿ ಹಿಡಿದಿಡಬೇಕು; ಉಳಿದ ಮಾದರಿ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಪ್ರಯೋಗಾಲಯ ಸೇರಬೇಕು. ಈ ಕ್ರಮದಲ್ಲಿ ದೋಷವಿಲ್ಲ. ಆದರೆ ತಿಂಗಳಿಗೊಂದು ಬಾಟಲಿಯು ಆ ಒಂದು ಗಳಿಗೆಯ ನೀರಿಗೆ ಮಾತ್ರ ಸಾಕ್ಷಿ. ರಾತ್ರಿ ಹೊರಬಿಟ್ಟ ತ್ಯಾಜ್ಯ ಬೆಳಗಾಗುವಷ್ಟರಲ್ಲಿ ಮೈಲುಗಟ್ಟಲೆ ಮುಂದೆ ಸಾಗಿರುತ್ತದೆ. ಮಾಪನ ಸ್ಥಳವು ನಿಮ್ಮ ಪಂಪಿನ ಮೇಲ್ಭಾಗದಲ್ಲಿದ್ದು, ನಡುವೆ ಪಟ್ಟಣದ ಚರಂಡಿ ಬಂದು ಸೇರುತ್ತಿದ್ದರೆ ಆ ದರ್ಜೆ ನಿಮಗೆ ಅನ್ವಯಿಸುವುದಿಲ್ಲ. ಆಗಸ್ಟ್ ತಿಂಗಳ ಉತ್ತಮ ಫಲಿತಾಂಶವು ಪ್ರವಾಹ ತಂದ ತೆಳುವೇ ಹೊರತು ಶುದ್ಧಿಯಲ್ಲ. ಏಪ್ರಿಲ್, ಮೇ ತಿಂಗಳ ಅಂಕಿಗಳನ್ನೇ ಆಧಾರವಾಗಿಟ್ಟುಕೊಳ್ಳಿ. ಮೊದಲ ಮಳೆಯ ನೀರನ್ನಂತೂ ಹೊಲಕ್ಕೆ ಎತ್ತಬೇಡಿ. ಬೇಸಿಗೆಯಿಡೀ ಚರಂಡಿಗಳಲ್ಲಿ ಕೂಡಿದ್ದುದೆಲ್ಲ ಅದರೊಡನೆ ಬರುತ್ತದೆ.

ಕರಾವಳಿ ಮತ್ತು ಅಳಿವೆಗಳು

ಸಮುದ್ರದ ನೀರಿಗೆ ಪ್ರತ್ಯೇಕವಾದ ಐದು ವರ್ಗಗಳಿವೆ. ಉಪ್ಪಿನಾಗರ, ಚಿಪ್ಪುಮೀನು ಮತ್ತು ಸಾಗರ ಕೃಷಿಗೆ ಮೊದಲ ವರ್ಗದ ನೀರೇ ಬೇಕು. ಸ್ನಾನ ಮತ್ತು ವಾಣಿಜ್ಯ ಮೀನುಗಾರಿಕೆಗೆ ಎರಡನೆಯದು. ಬಂದರಿನ ನೀರು ನಾಲ್ಕನೆಯದು. ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆಯಲ್ಲಿ ಸಾಣಿಕಟ್ಟಾದ ಉಪ್ಪಿನಾಗರ, ಗಜನಿ ಭೂಮಿಯ ಕಗ್ಗ ಭತ್ತ, ಸಿಗಡಿ, ಬೆಳಚು ಎಲ್ಲವೂ ಒಂದೇ ನೀರನ್ನು ಅವಲಂಬಿಸಿವೆ. ಬೆಳಚು ಅಥವಾ ದಕ್ಷಿಣ ಕನ್ನಡದವರು ಮರುವಾಯಿ ಎನ್ನುವ ಚಿಪ್ಪುಜೀವಿಯು ನೀರನ್ನು ನಿರಂತರವಾಗಿ ಸೋಸಿ ಆಹಾರ ಪಡೆಯುತ್ತದೆ. ಆದ್ದರಿಂದ ನೀರಿನಲ್ಲಿ ವಿರಳವಾಗಿರುವ ರೋಗಾಣು, ಲೋಹಗಳು ಅದರ ಮಾಂಸದಲ್ಲಿ ಸಾಂದ್ರವಾಗುತ್ತವೆ. ಆರಿಸಿದ ಚಿಪ್ಪನ್ನು ಸ್ವಚ್ಛವಾದ ಉಪ್ಪುನೀರಿನಲ್ಲಿ ಒಂದೆರಡು ದಿನ ಬಿಟ್ಟರೆ ಬ್ಯಾಕ್ಟೀರಿಯಾಗಳು ಬಹಳಷ್ಟು ಹೊರಹೋಗುತ್ತವೆ. ಲೋಹಗಳು ಹಾಗೆ ಹೋಗುವುದಿಲ್ಲ.

ಅಳಿವೆಯ ಫಲಿತಾಂಶವನ್ನು ಓದುವಾಗ ಭರತ, ಇಳಿತಗಳ ಮಾಹಿತಿ ಇದೆಯೇ ನೋಡಿ. ಭರತದಲ್ಲಿ ತೆಗೆದ ಮಾದರಿಯು ಬಹುಪಾಲು ಕಡಲನ್ನು ಅಳೆಯುತ್ತದೆ, ಇಳಿತದಲ್ಲಿ ತೆಗೆದದ್ದು ನದಿಯನ್ನು. ನೇತ್ರಾವತಿ ಮತ್ತು ಗುರುಪುರ ನದಿಗಳು ಜೊತೆಯಾಗಿ ಕಡಲು ಸೇರುವ ಮಂಗಳೂರಿನಂತಹ ಕಡೆ ಈ ವ್ಯತ್ಯಾಸ ದೊಡ್ಡದು. ಪಡುಬಿದ್ರಿ ಮತ್ತು ಕಾಸರಕೋಡು ಕಡಲತೀರಗಳಿಗೆ 2020ರಲ್ಲಿ ದೊರೆತ ನೀಲಿ ಧ್ವಜ ಮಾನ್ಯತೆಯು ಆ ತೀರದ ಸ್ನಾನದ ನೀರಿಗೆ ಸಂಬಂಧಿಸಿದ್ದು. ಪಕ್ಕದ ಹೊಳೆಯ ಚಿಪ್ಪಿಗೆ ಅದು ಖಾತರಿಯಲ್ಲ.

ನೀವೇ ಮಾದರಿ ಕಳುಹಿಸುವಾಗ

ಲವಣ ಪರೀಕ್ಷೆಗೆ ಒಂದು ಲೀಟರಿನ ಸ್ವಚ್ಛ ಪ್ಲಾಸ್ಟಿಕ್ ಬಾಟಲಿ ಸಾಕು. ಅದೇ ನೀರಿನಿಂದ ಮೂರು ಬಾರಿ ತೊಳೆದು, ಗಾಳಿ ಉಳಿಯದಂತೆ ತುಂಬಿ, ದಿನಾಂಕ, ನೀರಿನ ಮೂಲ, ಸರ್ವೆ ನಂಬರು, ಬೆಳೆಯ ಹೆಸರು ಬರೆದು ಕೃಷಿ ವಿಜ್ಞಾನ ಕೇಂದ್ರಕ್ಕೆ ಅಥವಾ ಮಣ್ಣು ಮತ್ತು ನೀರು ಪರೀಕ್ಷಾ ಪ್ರಯೋಗಾಲಯಕ್ಕೆ ತಲುಪಿಸಿ. ಕೊಳವೆಬಾವಿಯಾದರೆ ಹದಿನೈದು ನಿಮಿಷ ಪಂಪು ಓಡಿಸಿದ ನಂತರ ಹಿಡಿಯಿರಿ. ಸೂಕ್ಷ್ಮಾಣು ಪರೀಕ್ಷೆಗೆ ಈ ಬಾಟಲಿ ಸಲ್ಲದು. ಪ್ರಯೋಗಾಲಯದಿಂದಲೇ ಕ್ರಿಮಿರಹಿತ ಬಾಟಲಿ ಪಡೆದು, ಮಂಜುಗಡ್ಡೆಯೊಡನೆ ಅದೇ ದಿನ ಒಪ್ಪಿಸಬೇಕು.

ಮುಂಜಾವಿನಲ್ಲಿ ಮೀನುಗಳು ಸತ್ತು ತೇಲಿದರೆ ಅದು ವಿಷವೇ ಆಗಿರಬೇಕೆಂದಿಲ್ಲ. ಪಾಚಿ ದಟ್ಟವಾದ ನೀರಿನಲ್ಲಿ ರಾತ್ರಿಯ ಉಸಿರಾಟದಿಂದ ಆಮ್ಲಜನಕ ಕುಗ್ಗಿ ಬೆಳಗಿನ ಜಾವಕ್ಕೆ ಕನಿಷ್ಠವಾಗುತ್ತದೆ. ಕಾರಣ ಏನೇ ಇರಲಿ, ಸ್ಥಳ, ಸಮಯ, ಬಣ್ಣ, ವಾಸನೆಗಳನ್ನು ಬರೆದಿಟ್ಟು, ಚಿತ್ರ ತೆಗೆದು, ಮಂಡಳಿಯ ಜಿಲ್ಲಾ ಕಚೇರಿಗೆ ಕೂಡಲೇ ತಿಳಿಸಿ. 1974ರ ಜಲ ಮಾಲಿನ್ಯ ಕಾಯ್ದೆಯ 21ನೇ ಕಲಮಿನಂತೆ, ಕಾರ್ಖಾನೆಯ ತ್ಯಾಜ್ಯದ ಮಾದರಿ ನ್ಯಾಯಾಲಯದಲ್ಲಿ ನಿಲ್ಲಬೇಕಾದರೆ ಮಂಡಳಿಯ ಅಧಿಕಾರಿಯೇ ಘಟಕದವರಿಗೆ ಸೂಚನೆ ನೀಡಿ, ಮಾದರಿಯನ್ನು ವಿಭಜಿಸಿ, ಮೊಹರು ಹಾಕಿರಬೇಕು. ನೀವು ತುಂಬಿಟ್ಟ ಬಾಟಲಿ ತನಿಖೆಗೆ ದಾರಿ ತೋರಿಸಬಲ್ಲದು, ಆದರೆ ಆ ಮೊಹರಿನ ಸ್ಥಾನವನ್ನು ತುಂಬಲಾರದು. ಹಾಗಾಗಿ ನೀರಿನ ಬಣ್ಣ ಬದಲಾದ ಗಂಟೆಯಲ್ಲೇ ದೂರವಾಣಿ ಮಾಡಿ. ಅಧಿಕಾರಿ ಬರುವವರೆಗೆ ಪಂಪು ನಿಲ್ಲಿಸಿ, ಜಾನುವಾರುಗಳನ್ನು ಹೊಳೆಗೆ ಬಿಡಬೇಡಿ.