ಗೇಟ್ ವಾಲ್ವ್ ಸೋರಿಕೆ: ನಟ್‌ಗೆ ಸರಿಹೊಂದುವ ಸ್ಪ್ಯಾನರ್ ಆಯ್ಕೆ

ಪಂಪ್‌ಸೆಟ್‌ನ ಹಿತ್ತಾಳೆ ಗೇಟ್ ವಾಲ್ವ್‌ನಲ್ಲಿ ತಿರುಗಿಸುವ ಚಕ್ರದ ಕೆಳಗೆ ನೀರು ಜಿನುಗುವುದು ಸಾಮಾನ್ಯ. ಅಲ್ಲಿರುವ ಗ್ಲ್ಯಾಂಡ್ ನಟ್ಟನ್ನು ತುಸು ಬಿಗಿಗೊಳಿಸಿದರೆ ಬಹುಪಾಲು ಸೋರಿಕೆ ನಿಲ್ಲುತ್ತದೆ. ಆದರೆ ಇಕ್ಕಳ ಅಥವಾ ಪೈಪ್ ರೆಂಚ್ ಬಳಸಿದರೆ ಮೃದುವಾದ ಹಿತ್ತಾಳೆಯ ಮೂಲೆಗಳು ಸವೆಯುತ್ತವೆ. ಅನಂತರ ಯಾವ ಸ್ಪ್ಯಾನರೂ ಹಿಡಿಯದೆ, ಬೆಳೆಗೆ ನೀರುಣಿಸಬೇಕಾದ ದಿನವೇ ವಾಲ್ವ್ ಬದಲಿಸಬೇಕಾದೀತು.

ಅಳತೆ: ನಟ್ಟಿನ ಎದುರುಬದುರಿನ ಎರಡು ಚಪ್ಪಟೆ ಬದಿಗಳ ನಡುವಿನ ಅಂತರವನ್ನು ಮಿಲಿಮೀಟರ್‌ಗಳಲ್ಲಿ ಅಳೆಯಿರಿ. ಸ್ಪ್ಯಾನರ್ ಮೇಲಿನ ಸಂಖ್ಯೆ ಇದೇ ಆಗಿದೆ, ಬೋಲ್ಟ್‌ನ ದಪ್ಪವಲ್ಲ. ಉದಾಹರಣೆಗೆ, 8 ಮಿ.ಮೀ. ಬೋಲ್ಟ್‌ನ ಸಾಮಾನ್ಯ ನಟ್‌ಗೆ 13 ಮಿ.ಮೀ. ಸ್ಪ್ಯಾನರ್ ಬೇಕು. ವಾಲ್ವ್ ನಟ್‌ಗಳ ಅಳತೆ ತಯಾರಕರನ್ನು ಅವಲಂಬಿಸಿ ಬದಲಾಗುವುದರಿಂದ ಅಳೆದೇ ಕೊಳ್ಳುವುದು ಸೂಕ್ತ.

ಆಯ್ಕೆ: ರಿಂಗ್ ಸ್ಪ್ಯಾನರ್ ನಟ್ಟನ್ನು ಸುತ್ತಲೂ ಹಿಡಿಯುತ್ತದೆ; ಆದರೆ ಚಕ್ರವನ್ನು ಬಿಚ್ಚದೆ ಅದನ್ನು ತೊಡಿಸಲಾಗದು. ಪಕ್ಕದಿಂದ ತೂರಿಸಬಹುದಾದ ಓಪನ್ ಸ್ಪ್ಯಾನರ್ ಇಲ್ಲಿ ಅನುಕೂಲಕರ. ಅಡ್ಜಸ್ಟಬಲ್ ಸ್ಪ್ಯಾನರ್ ಬಳಸುವಾಗ ಸಡಿಲವಿಲ್ಲದಂತೆ ಹೊಂದಿಸಿ, ಬಲವು ಸ್ಥಿರ ದವಡೆಯ ಮೇಲೆ ಬೀಳುವಂತೆ ಎಳೆಯಿರಿ.

ವಿಧಾನ:
1. ಪಂಪ್ ನಿಲ್ಲಿಸಿ, ಕೊಳವೆಯ ಒತ್ತಡ ಇಳಿಸಿ.
2. ನಟ್ಟಿನ ಮಣ್ಣು, ಉಪ್ಪಿನ ಪೊರೆಯನ್ನು ತೆಗೆಯಿರಿ.
3. ಬಲಕ್ಕೆ ಎಂಟನೇ ಒಂದು ಸುತ್ತಿನಷ್ಟು ಮಾತ್ರ ತಿರುಗಿಸಿ, ಪಂಪ್ ಚಾಲೂ ಮಾಡಿ ಪರೀಕ್ಷಿಸಿ. ಚಕ್ರ ಸರಾಗವಾಗಿ ತಿರುಗುತ್ತಿರಬೇಕು.
4. ಸೋರಿಕೆ ಮುಂದುವರಿದರೆ ಒಳಗಿನ ಪ್ಯಾಕಿಂಗ್ ಬದಲಿಸಿ, ಮತ್ತಷ್ಟು ಬಿಗಿಗೊಳಿಸಬೇಡಿ.

ಹೆಚ್ಚಿನ ಬಲಕ್ಕಾಗಿ ಸ್ಪ್ಯಾನರ್ ಹಿಡಿಗೆ ಪೈಪ್ ತೊಡಿಸುವುದು ಸಲ್ಲದು. ಹನಿ ನೀರಾವರಿಯ ಪ್ಲಾಸ್ಟಿಕ್ ಜೋಡಣೆಗಳನ್ನು ಮೊದಲು ಕೈಯಿಂದಲೇ ಬಿಗಿಗೊಳಿಸಿ.