ಹೆಡ್‌ಲೈಟ್ ಜೊತೆಗೇ ಫಾಗ್ ಲೈಟ್ ಹತ್ತಬೇಕಾ? ರಿಲೇ ಹಾಕಿ, ಸ್ವಿಚ್ ಮಾತ್ರ ಕೀಳಬೇಡಿ

ಈ ಸಲದ ಪ್ರಶ್ನೆ ಕಂಪ್ಲಿ ತಾಲ್ಲೂಕಿನ ಮೆಟ್ರಿಯಿಂದ ಬಂದಿದೆ. ಕೇಳುಗರೊಬ್ಬರು ವಾಯ್ಸ್ ನೋಟ್ ಕಳಿಸಿದ್ದಾರೆ: "ಅಣ್ಣ, ಹೆಡ್‌ಲೈಟ್ ಹಾಕಿದ ಕೂಡ್ಲೇ ಫಾಗ್ ಲೈಟೂ ತಾನೇ ಹತ್ತಬೇಕು. ಬೇರೆ ಸ್ವಿಚ್ ಒತ್ತೋ ಕೆಲಸಾನೇ ಇರಬಾರ್ದು. ಹೆಂಗ್ ಮಾಡೋದು?"

ಉತ್ತರ ಸಣ್ಣದು. ಒಂದು ರಿಲೇ, ಒಂದು ಫ್ಯೂಸು, ಸ್ವಲ್ಪ ವೈರು, ಅಷ್ಟೇ. ಆದ್ರೆ "ಸ್ವಿಚ್ಚೇ ಇರಬಾರ್ದು" ಅನ್ನೋದಕ್ಕೆ ನನ್ನ ತಕರಾರು ಇದೆ. ಅದಕ್ಕೆ ಆಮೇಲೆ ಬರ್ತೀನಿ.

ವೈರಿಗೆ ಕೈ ಹಾಕೋ ಮೊದಲು ಒಂದು ಕೆಲಸ ಮಾಡಿ. ನಿಮ್ಮ ಕಾರಿಗೆ ಕಂಪನಿಯಿಂದಲೇ ಫಾಗ್ ಲೈಟ್ ಬಂದಿದ್ರೆ, ಅದರ ಸ್ವಿಚ್ಚನ್ನ ಆನ್ ಮಾಡಿ ಹಾಗೇ ಬಿಡಿ. ಹೆಡ್‌ಲೈಟ್ ಆಫ್ ಮಾಡಿ, ಮತ್ತೆ ಆನ್ ಮಾಡಿ. ಎಷ್ಟೋ ಕಾರುಗಳಲ್ಲಿ ಫಾಗ್ ಲೈಟ್ ಹೆಡ್‌ಲೈಟಿನ ಜೊತೆಗೇ ಆರಿ, ಜೊತೆಗೇ ಹತ್ತುತ್ತೆ. ಹಾಗಿದ್ರೆ ನಿಮಗೆ ಬೇಕಾಗಿದ್ದು ಆಗಲೇ ಕಾರಿನಲ್ಲಿದೆ, ಒಂದು ರೂಪಾಯಿ ಖರ್ಚಿಲ್ಲ. ಇನ್ನು ಕೆಲವು ಕಾರುಗಳಲ್ಲಿ ಹೆಡ್‌ಲೈಟ್ ಆರಿಸಿದಾಗೆಲ್ಲ ಫಾಗ್ ಲೈಟ್ ಸ್ವಿಚ್ ತಾನೇ ಆಫ್ ಆಗಿಬಿಡುತ್ತೆ, ಪ್ರತಿ ಸಲ ಒತ್ತಲೇಬೇಕು. ಇವತ್ತಿನ ಮಾತು ಅಂಥ ಕಾರಿನವರಿಗೆ, ಮತ್ತೆ ಹೊರಗಡೆ ಫಾಗ್ ಲೈಟ್ ಹಾಕಿಸಿಕೊಳ್ಳುವವರಿಗೆ.

ಎಲ್ಲರಿಗೂ ಮೊದಲು ಹೊಳೆಯೋ ಉಪಾಯ, ಹೆಡ್‌ಲೈಟಿನ ವೈರಿಗೇ ಫಾಗ್ ಲೈಟಿನ ವೈರು ಸುತ್ತಿ ಟೇಪ್ ಹೊಡೆಯೋದು. ಲೆಕ್ಕ ಹಾಕಿ ನೋಡೋಣ. (ಓದಿದ್ದು ಬಿ.ಕಾಂ., ಹಾಗಾಗಿ ಲೆಕ್ಕ ಬಿಟ್ಟು ಮುಂದಕ್ಕೆ ಹೋಗೋಕೆ ನನಗೆ ಆಗೋದಿಲ್ಲ.) ಮಾಮೂಲಿ ಹ್ಯಾಲೊಜೆನ್ ಫಾಗ್ ಬಲ್ಬು 55 ವ್ಯಾಟ್. ಎರಡು ಸೇರಿದ್ರೆ 110. ಅದನ್ನ 12 ವೋಲ್ಟ್‌ನಿಂದ ಭಾಗಿಸಿದ್ರೆ 9 ಆಂಪಿಯರ್ ದಾಟುತ್ತೆ. ಒಂದು ಬದಿಯ ಹೆಡ್‌ಲೈಟ್ ವೈರು ತನ್ನ ಬಲ್ಬಿಗೆ ಎಳೆಯೋದು ನಾಲ್ಕೂವರೆ ಆಂಪಿಯರ್ ಆಸುಪಾಸು. ನೀವು ಅದರ ಮೇಲೆ ಇನ್ನೊಂಬತ್ತು ಹೇರಿದ್ರೆ ಹದಿನಾಲ್ಕರ ಹತ್ತಿರ ಬಂತು. 10 ಆಂಪಿಯರ್ ಫ್ಯೂಸು ಸುಟ್ಟು ಹೋಗುತ್ತೆ, ರಾತ್ರಿ ಹೊತ್ತು ಒಂದು ಕಣ್ಣು ಕುರುಡು. ಆಗ ಯಾರೋ "20ರ ಫ್ಯೂಸ್ ಹಾಕು, ಸರಿ ಹೋಗ್ತದೆ" ಅಂತಾರೆ. ನಿಜವಾದ ಅಪಾಯ ಶುರುವಾಗೋದೇ ಇಲ್ಲಿಂದ. ಫ್ಯೂಸ್ ಇರೋದು ವೈರನ್ನ ಕಾಯೋಕೆ. ಫ್ಯೂಸ್ ದಪ್ಪ ಆಯ್ತು, ಆದ್ರೆ ವೈರು ಅದೇ ಸಣ್ಣದು. ಹಾಗಾಗಿ ಈಗ ಮೊದಲು ಬಿಸಿಯಾಗಿ ಕರಗೋದು ವೈರಿನ ಮೇಲಿನ ಪ್ಲಾಸ್ಟಿಕ್, ಅದೂ ಬಾನೆಟ್ ಒಳಗೆ.

ಅದಕ್ಕೇ ರಿಲೇ. ರಿಲೇ ಅಂದ್ರೆ ಚೆಕ್ ಇದ್ದ ಹಾಗೆ. ಸಹಿ ಹಾಕುವವರ ಜೇಬಲ್ಲಿ ಅಷ್ಟು ದುಡ್ಡು ಇರಬೇಕಾಗಿಲ್ಲ, ದುಡ್ಡು ಬರೋದು ಬ್ಯಾಂಕಿನಿಂದ. ಇಲ್ಲಿ ಸಹಿ ಹಾಕೋದು ಹೆಡ್‌ಲೈಟಿನ ವೈರು, ಬ್ಯಾಂಕು ಬ್ಯಾಟರಿ. ರಿಲೇ ಒಳಗಿನ ಕಾಯಿಲ್ ಎಳೆಯೋದು ಆಂಪಿಯರಿನ ಐದನೇ ಒಂದು ಭಾಗಕ್ಕಿಂತ ಹೆಚ್ಚಿಲ್ಲ, ಹೆಡ್‌ಲೈಟಿಗೆ ಅದು ಗೊತ್ತೂ ಆಗೋದಿಲ್ಲ.

ರಿಲೇ ಅಡಿಯಲ್ಲಿ ಪಿನ್‌ಗಳ ಪಕ್ಕ ನಂಬರ್ ಬರೆದಿರುತ್ತೆ: 30, 85, 86, 87. ಬ್ಯಾಟರಿಯ ಪ್ಲಸ್‌ನಿಂದ 15 ಆಂಪಿಯರ್ ಫ್ಯೂಸ್ ಮೂಲಕ 30ಕ್ಕೆ. ಈ ಫ್ಯೂಸು ಬ್ಯಾಟರಿಗೆ ಆದಷ್ಟು ಹತ್ತಿರ ಇರಲಿ. 87ರಿಂದ ಎರಡೂ ಫಾಗ್ ಲೈಟಿಗೆ. ಈ ದಾರಿಗೆ ಎರಡೂವರೆ ಚದರ ಮಿಲಿಮೀಟರಿನ ವೈರು ಹಾಕಿ. ಲೋ ಬೀಮ್ ವೈರಿನಿಂದ ಒಂದು ಸಣ್ಣ ಎಳೆ 86ಕ್ಕೆ. ಇನ್ನು 85 ಇದೆಯಲ್ಲ, ಅದನ್ನ ನೇರ ಬಾಡಿಗೆ ಅರ್ತ್ ಮಾಡಬೇಡಿ. ಡ್ಯಾಶ್‌ಬೋರ್ಡಿನ ಒಂದು ಸ್ವಿಚ್‌ಗೆ ತಂದು, ಆ ಸ್ವಿಚ್ಚಿನಿಂದ ಅರ್ತ್ ಮಾಡಿ. ಸ್ವಿಚ್ಚನ್ನ ಆನ್ ಮಾಡಿ ಮರೆತುಬಿಟ್ರೆ, ಫಾಗ್ ಲೈಟು ಹೆಡ್‌ಲೈಟಿನ ಜೊತೆ ತಾನೇ ಹತ್ತುತ್ತೆ, ತಾನೇ ಆರುತ್ತೆ. ಬೇಡ ಅಂದಾಗ ಒಂದು ಬೆರಳಲ್ಲಿ ಆರಿಸಬಹುದು. ನಮ್ಮ ಮೆಟ್ರಿ ಗೆಳೆಯರು ಕೇಳಿದ 'ಆಟೋಮ್ಯಾಟಿಕ್' ಪೂರ್ತಿ ಸಿಕ್ತು, ಹಿಡಿತಾನೂ ಕೈಲೇ ಉಳೀತು.

ಎರಡು ಕಡೆ ಎಚ್ಚರ ಬೇಕು. ಕೆಲವು ಕಾರುಗಳಲ್ಲಿ ಹೆಡ್‌ಲೈಟಿಗೆ ಪ್ಲಸ್ ಮೊದಲೇ ಬಂದು ನಿಂತಿರುತ್ತೆ, ಸ್ವಿಚ್ ಕೊಡೋದು ಅರ್ತ್. ಲೋ ಬೀಮ್ ಪಿನ್‌ಗೆ ಮಲ್ಟಿಮೀಟರ್ ಇಟ್ಟು ನೋಡಿ. ಲೋ ಬೀಮ್ ಹಾಕಿದಾಗ 12 ವೋಲ್ಟ್ ಬಾರದೆ, ಹೈ ಬೀಮ್ ಹಾಕಿದಾಗ ಬಂದ್ರೆ ನಿಮ್ಮದು ಆ ಜಾತಿಯ ಕಾರು. ಅದರಲ್ಲಿ 86ಕ್ಕೆ ಕೀ ಆನ್ ಆದಾಗ ಬರೋ ಪ್ಲಸ್ಸನ್ನ ಸ್ವಿಚ್ ಮೂಲಕ ಕೊಟ್ಟು, 85ನ್ನ ಲೋ ಬೀಮ್ ಪಿನ್‌ಗೆ ಸೇರಿಸಬೇಕು. ಎರಡನೇದು, ಈಚಿನ ಎಲ್ಇಡಿ ಹೆಡ್‌ಲೈಟ್ ಕಾರುಗಳು. ಕೆಲವದರಲ್ಲಿ ಕರೆಂಟು ಒಂದೇ ಸಮ ಬರದೆ ಸೆಕೆಂಡಿಗೆ ನೂರಾರು ಸಲ ಬಿಟ್ಟುಬಿಟ್ಟು ಬರುತ್ತೆ. ರಿಲೇ ಟರ್ ಅಂತ ಬಡಕೊಳ್ಳೋಕೆ ಶುರು ಮಾಡುತ್ತೆ. ಅಂಥ ಕಾರಿನ ವೈರು ಕತ್ತರಿಸಬೇಡಿ, ವಾರಂಟಿಗೂ ತಕರಾರು ಬರಬಹುದು. ಕಪ್ಲರಿಗೆ ಕಪ್ಲರ್ ಕೂರೋ ರೆಡಿ ವೈರಿಂಗ್ ಕಿಟ್ ಸಿಗುತ್ತಾ ಕೇಳಿ, ಇಲ್ಲಾಂದ್ರೆ ಶೋರೂಮಿಗೇ ಹೋಗಿ.

ಈಗ ನನ್ನ ತಕರಾರಿಗೆ ಬರೋಣ.

ಫಾಗ್ ಲೈಟ್ ಬಂಪರ್ ಮಟ್ಟದಲ್ಲಿ ಯಾಕಿರುತ್ತೆ? ಬೆಳಕು ಅಗಲವಾಗಿ, ನೆಲಕ್ಕೆ ಹತ್ತಿ ಹೋಗಲಿ, ಮಂಜಿಗೆ ಬಡಿದು ವಾಪಸ್ ನಿಮ್ಮ ಕಣ್ಣಿಗೇ ಬಾರದಿರಲಿ ಅಂತ. ಕಂಪ್ಲಿ ಕಡೆ ಕಾಲುವೆ, ಭತ್ತದ ಗದ್ದೆ ಪಕ್ಕ ಚಳಿಗಾಲದ ಬೆಳಗಿನ ಜಾವ ಮಂಜು ಕೂತಾಗ ಇದು ನಿಜವಾಗ್ಲೂ ಉಪಯೋಗಕ್ಕೆ ಬರುತ್ತೆ. ಸಂಡೂರು ರಸ್ತೆಯಲ್ಲಿ ಅದಿರು ಲಾರಿ ಹಿಂದೆ ಕೆಂಪು ಧೂಳು ಎದ್ದು ನಿಂತಾಗಲೂ ಅಷ್ಟೇ, ರಸ್ತೆ ಅಂಚು ಕಾಣೋದು ಈ ಬೆಳಕಲ್ಲೇ. (ಹಳದಿ ಬಲ್ಬು ಮಂಜನ್ನ ಸೀಳುತ್ತೆ ಅನ್ನೋದನ್ನ ಪೂರ್ತಿ ನಂಬಬೇಡಿ. ಮಂಜಿನ ಹನಿ ಬೆಳಕಿನ ಅಲೆಗಿಂತ ತುಂಬಾ ದೊಡ್ಡದು, ಬಿಳಿ, ಹಳದಿ ಎರಡನ್ನೂ ಹೆಚ್ಚು ಕಡಿಮೆ ಒಂದೇ ರೀತಿ ಚದುರಿಸುತ್ತೆ. ಬಲ್ಬಿನ ಬಣ್ಣಕ್ಕಿಂತ ಅದು ಎಲ್ಲಿ ಕೂತಿದೆ ಅನ್ನೋದು ಮುಖ್ಯ.)

ಆದ್ರೆ ನಮ್ಮ ಕಡೆ ವರ್ಷದ ಬಹುಪಾಲು ರಾತ್ರಿಗಳು ನಿಚ್ಚಳ. ಆ ರಾತ್ರಿಗಳ ಲೆಕ್ಕ ಬೇರೆ. ಗಂಟೆಗೆ 60 ಕಿ.ಮೀ. ಅಂದ್ರೆ ಸೆಕೆಂಡಿಗೆ ಸುಮಾರು 17 ಮೀಟರ್. ಎದುರಿಗೆ ಏನೋ ಕಂಡು ಕಾಲು ಬ್ರೇಕಿಗೆ ಹೋಗೋಕೆ ಒಂದೂವರೆ ಸೆಕೆಂಡ್, ಅಲ್ಲಿಗೆ 25 ಮೀಟರ್ ಹೋಯ್ತು. ಒಳ್ಳೆ ಡಾಂಬರಿನಲ್ಲಿ ಗಾಡಿ ನಿಲ್ಲೋಕೆ ಇನ್ನೊಂದು 20. ಒಟ್ಟು 45 ಮೀಟರ್. ಫಾಗ್ ಲೈಟ್ ಚೆನ್ನಾಗಿ ಬೆಳಗೋದು ಮುಂದಿನ ಇಪ್ಪತ್ತು, ಇಪ್ಪತ್ತೈದು ಮೀಟರ್. ಅಂದ್ರೆ ಆ ವೇಗದಲ್ಲಿ ಅದು ತೋರಿಸೋದೆಲ್ಲ ನಿಮ್ಮ ಕೈ ಮೀರಿದ ಜಾಗವನ್ನೇ. ಅಷ್ಟೇ ಆಗಿದ್ರೆ ಇರಲಿ ಬಿಡು ಅನ್ನಬಹುದಿತ್ತು. ಹತ್ತಿರದ ನೆಲ ಜಗ್ಗನೆ ಹೊಳೆದಾಗ ಕಣ್ಣು ಆ ಹೊಳಪಿಗೇ ಹೊಂದಿಕೊಳ್ಳುತ್ತೆ, ದೂರದ ಮಬ್ಬು ಆಕಾರಗಳು ಇನ್ನಷ್ಟು ಮಬ್ಬಾಗುತ್ತವೆ. ನಮ್ಮ ರಸ್ತೆಗಳಲ್ಲಿ ಆ ಮಬ್ಬಿನಲ್ಲಿ ಏನಿರುತ್ತೆ? ಹಿಂದೆ ಕೆಂಪು ದೀಪ ಇಲ್ಲದ ಟ್ರ್ಯಾಕ್ಟರ್ ಟ್ರೇಲರ್, ಎತ್ತಿನ ಗಾಡಿ, ಕುರಿ ಹಿಂಡು, ಹುಣ್ಣಿಮೆಗೆ ಹುಲಿಗಿ ಅಮ್ಮನಿಗೆ ನಡೆದು ಹೊರಟವರು. ಮುಂದೆ ರಸ್ತೆ ಬೆಳ್ಳಗೆ ಕಂಡಷ್ಟೂ ನಮಗೆ ಧೈರ್ಯ ಬಂದು ಇನ್ನೂ ಜೋರಾಗಿ ಓಡಿಸ್ತೀವಿ, ಅದು ಇನ್ನೊಂದು ತೊಂದರೆ.

ಎದುರಿಗೆ ಬರುವವರದ್ದೂ ನೋಡಿ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 106ನೇ ನಿಯಮ ಒಂದು ಅಳತೆ ಕೊಡುತ್ತೆ. ದೀಪದಿಂದ 8 ಮೀಟರ್ ದೂರದಲ್ಲಿ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ ಕಣ್ಣಿರೋ ಮನುಷ್ಯನಿಗೆ ಬೆಳಕು ಕುಕ್ಕಬಾರದು. ಕಮಲಾಪುರ, ಹಂಪಿ ಕಡೆ ಸ್ಕೂಟರ್ ಮೇಲೆ ಎದುರು ಬರುವವರ ಕಣ್ಣೂ ಹೆಚ್ಚು ಕಡಿಮೆ ಅದೇ ಎತ್ತರದಲ್ಲಿರುತ್ತೆ.

"2017ರ ಏಪ್ರಿಲ್‌ನಿಂದ ಹೊಸ ಬೈಕಿಗೆಲ್ಲ ಹಗಲಲ್ಲೂ ಲೈಟ್ ಉರೀಲೇಬೇಕು ಅಂತ ಮಾಡಿದಾರಲ್ಲ, ಕಾರಿನ ಫಾಗ್ ಲೈಟ್ ಉರಿದ್ರೆ ಏನಾಯ್ತು?" ಅಂತ ಕೇಳ್ತೀರಿ. ಬೈಕಿನದು ಬೇರೆಯವರಿಗೆ ಬೈಕು ಕಾಣಲಿ ಅಂತ. ಫಾಗ್ ಲೈಟಿಗೆ ಹಾಗಲ್ಲ. ದೀಪಗಳ ಜೋಡಣೆಗೆ ಅಂತಲೇ ಇರೋ ವಿಶ್ವಸಂಸ್ಥೆಯ 48ನೇ ವಾಹನ ನಿಯಮಾವಳಿ ಮುಂದಿನ ಫಾಗ್ ಲೈಟನ್ನ ಹೆಡ್‌ಲೈಟಿನಿಂದ ಬೇರೆಯಾಗಿ ಆನ್, ಆಫ್ ಮಾಡೋಕೆ ಬರಬೇಕು ಅಂತ ಕೇಳುತ್ತೆ. ಸ್ವಿಚ್ ಉಳಿಸಿಕೊಳ್ಳಿ ಅಂದದ್ದು ಇದಕ್ಕೇ.

ಹೈ ಬೀಮ್ ವಿಷಯ ಒಂದು ಉಳೀತು. ಒಂದೇ ಬಲ್ಬಿನಲ್ಲಿ ಹೈ, ಲೋ ಎರಡೂ ಇರೋ ಕಾರಿನಲ್ಲಿ ಹೈ ಹಾಕಿದ್ರೆ ಲೋ ಆರುತ್ತೆ, ಜೊತೆಗೆ ಈ ವೈರಿಂಗ್‌ನಲ್ಲಿ ಫಾಗ್ ಲೈಟೂ ಆರುತ್ತೆ. ಅದು ಒಳ್ಳೇದೇ, ದೂರ ನೋಡುವಾಗ ಹತ್ತಿರದ ಹೊಳಪು ಬೇಡ. ಬೇರೆ ಬೇರೆ ಬಲ್ಬಿರೋ ಕಾರುಗಳಲ್ಲಿ ಲೋ ಉರೀತಾನೇ ಇರಬಹುದು, ಆಗ ಸ್ವಿಚ್ ನೀವೇ ಒತ್ತಬೇಕು.

ಕೆಲಸ ಮುಗಿದ ಮೇಲೆ, ಕತ್ತಲಾದ ಮೇಲೆ, ಸಮತಟ್ಟಾದ ಜಾಗದಲ್ಲಿ ಗೋಡೆಯಿಂದ 5 ಮೀಟರ್ ದೂರಕ್ಕೆ ಕಾರು ನಿಲ್ಲಿಸಿ. ನೆಲದಿಂದ ಫಾಗ್ ಲೈಟಿನ ನಡುವಿಗೆ ಎಷ್ಟು ಎತ್ತರ ಇದೆಯೋ ಅಷ್ಟಕ್ಕೆ ಗೋಡೆ ಮೇಲೆ ಟೇಪ್ ಅಂಟಿಸಿ. ಬೆಳಕಿನ ಮೇಲಂಚು ಆ ಟೇಪಿಗಿಂತ ಸುಮಾರು 10 ಸೆಂಟಿಮೀಟರ್ ಕೆಳಗೆ ಬರೋ ತನಕ ಸ್ಕ್ರೂ ತಿರುಗಿಸಿ. ಹಿಂದಿನ ಸೀಟಲ್ಲಿ ಮೂರು ಜನ ಕೂತ್ರೆ ಕಾರಿನ ಮೂತಿ ಮೇಲೇಳುತ್ತೆ, ಅದಕ್ಕೇ ಅವರನ್ನ ಕೂರಿಸಿಕೊಂಡೇ ಇನ್ನೊಂದು ಸಲ ನೋಡಿ.